'ರಿವರ್ಟ್ ಮಾಡು' ಅಂದೆ, ಅವನು ನಿಜವಾಗಿಯೂ ರಿವರ್ಟ್ ಮಾಡಿಬಿಟ್ಟ

ಮಸಾಲೆಪುರಿ
ಶುಕ್ರವಾರ ಸಂಜೆ ಶುರುವಾದ ಕಥೆ ಇದು. ನಮ್ಮ ಟೀಮಿನ ಅರ್ಧ ಜನ ಬೆಂಗಳೂರಿನಲ್ಲಿ, ಇನ್ನರ್ಧ ಇಂಗ್ಲೆಂಡಿನಲ್ಲಿ. ಎರಡು ವಾರ ಕೂತು ಬಿಲ್ಲಿಂಗ್ ಕೋಡ್ ತಿದ್ದಿದ್ದೆ. ಕ್ಯಾಬ್ ಬಂದಿತ್ತು, ಅವಸರ. ಅಲ್ಲಿನ ಸಹೋದ್ಯೋಗಿಗೆ ಒಂದೇ ಸಾಲು ಬರೆದು ಕಳಿಸಿದೆ: 'ಪ್ಲೀಸ್ ಚೆಕ್ ಮೈ ಚೇಂಜಸ್ ಅಂಡ್ ರಿವರ್ಟ್.' ನೋಡಿ ಉತ್ತರ ಕೊಡು ಮಾರಾಯ ಅನ್ನೋದಷ್ಟೇ ನನ್ನ ಅರ್ಥ.

ಸೋಮವಾರ ಬಂದು ನೋಡಿದರೆ ನಾನು ತಿದ್ದಿದ್ದು ಒಂದೂ ಇಲ್ಲ. ಎಲ್ಲ ಹಳೆಯ ಹಾಗೇ ಇದೆ. ಅವನ ಮೇಲ್ ಕೂಡ ಬಂದಿತ್ತು. 'ನೋಡಿದೆ, ನನಗೇನೋ ಚೆನ್ನಾಗಿಯೇ ಕಂಡಿತು. ಆದರೂ ನೀನು ಹೇಳಿದ ಹಾಗೆ ರಿವರ್ಟ್ ಮಾಡಿದ್ದೇನೆ' ಅಂತ.

ನನ್ನ ಮ್ಯಾನೇಜರ್ ನಗುತ್ತಾ ಕೂತಿದ್ದಾರೆ. ನನಗೆ ಒಂದೇ ಪ್ರಶ್ನೆ. ಇಷ್ಟು ವರ್ಷದಿಂದ ಎಲ್ಲರೂ 'ಕೈಂಡ್ಲಿ ರಿವರ್ಟ್' ಅಂತ ಬರೆಯುತ್ತೇವಲ್ಲ, ಅದು ತಪ್ಪಾ? ತಪ್ಪಾದರೆ ಈ ಅರ್ಥ ನಮಗೆ ಬಂದದ್ದಾದರೂ ಎಲ್ಲಿಂದ?

ಕಡ್ಲೆಬೀಜ
ಚೆನ್ನಾಗಿದೆ ಅಂತ ಗೊತ್ತಿದ್ದೂ ತೆಗೆದುಹಾಕಿದನಲ್ಲ, ಎಂಥಾ ವಿಧೇಯ ಹುಡುಗ! ನಮ್ಮ ಆಫೀಸಿಗೆ ಕಳಿಸಿ ಸ್ವಾಮಿ.

ಕೆಂಪುಪೆನ್ನು
ತಪ್ಪು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಈ ಪದದ ಕೆಳಗೆ ಎಷ್ಟು ಸಲ ಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ.

ಲ್ಯಾಟಿನ್‌ನಲ್ಲಿ 'ವರ್ಟೆರೆ' ಅಂದರೆ ತಿರುಗು. 'ರೆ' ಅಂದರೆ ಹಿಂದಕ್ಕೆ. ಎರಡೂ ಸೇರಿ 'ರೆವರ್ಟೆರೆ'. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದದ್ದು ಸುಮಾರು 1300ರ ಹೊತ್ತಿಗೆ. ಆಗ ಅದಕ್ಕಿದ್ದ ಅರ್ಥ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಮೂರ್ಛೆ ಹೋದವನಿಗೆ ಎಚ್ಚರ ಆಗುವುದು, ಕಾಯಿಲೆ ಬಿದ್ದವನು ಚೇತರಿಸಿಕೊಳ್ಳುವುದು! ನಾವು 'ಜೀವ ವಾಪಸ್ ಬಂತು' ಅನ್ನುತ್ತೇವಲ್ಲ, ಹಾಗೆ. 15ನೇ ಶತಮಾನಕ್ಕೆ ಅದು ಆಸ್ತಿಯ ಮಾತಾಯಿತು, ಕೊಟ್ಟ ಜಮೀನು ಕೊಟ್ಟವನಿಗೇ ಮರಳುವುದು. ಆಮೇಲೆ ಹಳೆಯ ಅಭ್ಯಾಸಕ್ಕೆ ಮರಳುವುದು, ಬಿಟ್ಟ ವಿಷಯಕ್ಕೆ ಮರಳುವುದು. ಎಲ್ಲದರಲ್ಲೂ ಮೊದಲಿದ್ದ ಕಡೆಗೆ ಹೋಗುವ ಅರ್ಥವೇ ಇದೆ. ಉತ್ತರ ಬರೆಯುವುದು ಎಲ್ಲೂ ಇಲ್ಲ.

ಇನ್ನು 'ರಿವರ್ಟ್ ಬ್ಯಾಕ್' ಅಂತ ಬರೆಯುವವರ ಬಗ್ಗೆ ನಾನು ಮಾತಾಡುವುದೇ ಇಲ್ಲ. ಹಿಂದಕ್ಕೆ ಅನ್ನೋದು 'ರಿ'ಯಲ್ಲೇ ಇದೆ.

ಡಿಪೋ ಪಕ್ಕದ ಮನೆ
ಮೇಡಂ, ಹಾಗಾದರೆ 'ಹಿಂದಕ್ಕೆ ರಿವರ್ಸ್ ತಗೊಳ್ಳಿ' ಅನ್ನೋ ನಮ್ಮ ಇಡೀ ರಾಜ್ಯಕ್ಕೆ ನೀವು ಸೊನ್ನೆ ಕೊಡಬೇಕಾಗುತ್ತದೆ. ಮುಂದಕ್ಕೆ ರಿವರ್ಸ್ ತಗೊಂಡವರನ್ನು ನಾನಂತೂ ನೋಡಿಲ್ಲ.

ನಮ್ಮ ಮನೆ ಎದುರೇ ಬಸ್ಸು ತಿರುಗಿಸುವ ಜಾಗ. ಕಂಡಕ್ಟರ್ ಹಿಂದೆ ನಿಂತು ಬಾಡಿ ತಟ್ಟುತ್ತಾ ಕೂಗುವುದು 'ಬರ್ಲಿ, ಬರ್ಲಿ, ಬರ್ಲಿ… ಹೋಲ್ಡಾನ್!' ಬಸ್ಸು ಹೋಗ್ತಾ ಇರೋದು ಹಿಂದಕ್ಕೆ, ಕರೆಯೋದು ಮಾತ್ರ ಬರ್ಲಿ ಅಂತ. ಹಿಂದೆ ಯಾವುದು ಮುಂದೆ ಯಾವುದು ಅನ್ನೋದು ನಿಂತವರ ಮೇಲೆ ಹೋಗುತ್ತೆ ಅಲ್ವಾ?

ತಿರುಗುಬಾಣ
ಕೆಂಪುಪೆನ್ನು ಮೇಡಂ, ಇತಿಹಾಸ ಒಪ್ಪಿದೆ. ತೀರ್ಪು ಒಪ್ಪಲ್ಲ.

'ರಿಪ್ಲೈ' ಪದವನ್ನೇ ತೆಗೆದುಕೊಳ್ಳಿ. ಅದರ ಲ್ಯಾಟಿನ್ ಮೂಲ 'ರೆಪ್ಲಿಕಾರೆ', ಹಿಂದಕ್ಕೆ ಮಡಚು ಅಂತ. ಮಡಚುವುದಕ್ಕೂ ಉತ್ತರ ಕೊಡುವುದಕ್ಕೂ ಏನು ಸಂಬಂಧ? ಮಡಚಿ ವಾಪಸ್ ಕಳಿಸಿದ್ದು ಉತ್ತರ ಆಗಬಹುದಾದರೆ ತಿರುಗಿಸಿ ಕಳಿಸಿದ್ದು ಯಾಕೆ ಆಗಬಾರದು?

ಈಗ ನಮ್ಮ ಮಾತು ನೋಡಿ. 'ತಿರುಗಿ ಮಾತಾಡಬೇಡ' ಅಂತ ಅಪ್ಪ ಗದರಿದರೆ ಎದುರುತ್ತರ ಕೊಡಬೇಡ ಅಂತ ಅರ್ಥ. 'ತಿರುಗಿ ಹೇಳು' ಅಂದರೆ ಇನ್ನೊಮ್ಮೆ ಹೇಳು. 'ತಿರುಗಿ ಬಂದ' ಅಂದರೆ ವಾಪಸ್ ಬಂದ. 'ಊರೂರು ತಿರುಗಿದ' ಅಂದರೆ ಸುತ್ತಾಡಿದ. ಒಂದೇ ಪದ. ಮರುಮಾತು, ಮಾರುತ್ತರ, ಮಾರೋಲೆ, ಎಲ್ಲ ಉತ್ತರಗಳೂ ಮರಳಿ ಬರುವಂಥವೇ. ನಮ್ಮ ತಾತನ ಕಾಗದಗಳೆಲ್ಲ 'ಮರುಟಪಾಲಿಗೆ ಉತ್ತರ ಬರೆಯುವುದು' ಅಂತಲೇ ಮುಗಿಯುತ್ತಿದ್ದವು. ಇಂಥ ಕಿವಿ ಇರುವವನಿಗೆ 'ರಿವರ್ಟ್' ಅಂದರೆ 'ಮರಳಿ ಬರೆ' ಅಂತ ಕೇಳಿಸುವುದು ಸಹಜ. ಪೆದ್ದುತನ ಅಲ್ಲ.

ಅಂದಹಾಗೆ ಆಕ್ಸ್‌ಫರ್ಡಿನವರು ಕಲಿಯುವವರಿಗಾಗಿ ಮಾಡಿರುವ ನಿಘಂಟಿನಲ್ಲಿ ಈ ಅರ್ಥ ಈಗ ಇದೆ. ಪಕ್ಕದಲ್ಲಿ 'ಭಾರತೀಯ ಇಂಗ್ಲಿಷ್' ಅಂತ ಗುರುತು ಹಾಕಿದ್ದಾರೆ.

ಸಿಂಗಪುರದ ಸೊಸೆ
ಭಾರತೀಯ ಮಾತ್ರ ಅಲ್ಲ ಅಣ್ಣ. ಇಲ್ಲಿ ಸಿಂಗಪುರದಲ್ಲಿ, ಪಕ್ಕದ ಮಲೇಷ್ಯಾದಲ್ಲಿ, ಎಲ್ಲರೂ ಹೀಗೇ ಬರೆಯುತ್ತಾರೆ. ನಾನು ಬಂದ ಮೊದಲ ವಾರ ಒಬ್ಬ ಚೀನೀ ಮೂಲದ ಬಾಸ್ 'ವಿಲ್ ರಿವರ್ಟ್ ಬೈ ಟುಮಾರೋ' ಅಂತ ಬರೆದಿದ್ದರು. ಊರಿಗೇ ಬಂದ ಹಾಗಾಯಿತು.

ಕೆಂಪುಪೆನ್ನು
ತಿರುಗುಬಾಣ ಅವರೇ, ನಿಮ್ಮ ವಾದದಲ್ಲಿ ಒಂದು ತೂತಿದೆ. 'ರಿಪ್ಲೈ'ಯ ಒಳಗಿನ ಮಡಿಕೆ ಸತ್ತು ಕಾಲವಾಯಿತು. ಅದನ್ನು ಕೇಳಿ ಯಾವ ಇಂಗ್ಲಿಷಿನವನೂ ಕಾಗದ ಮಡಚಲು ಹೋಗುವುದಿಲ್ಲ. 'ರಿವರ್ಟ್' ಒಳಗಿನ ತಿರುವು ಮಾತ್ರ ಇನ್ನೂ ಜೀವಂತ. ಅದಕ್ಕೇ ಮಸಾಲೆಪುರಿಯ ಎರಡು ವಾರದ ಕೆಲಸ ಮಾಯ ಆಯಿತು. ಬರೆದವನ ಕಿವಿಗೆ ಸಹಜವಾಗಿದ್ದರೆ ಸಾಲದು. ಓದುವವನ ಕಿವಿಯೂ ಲೆಕ್ಕಕ್ಕಿದೆ.

ತಿರುಗುಬಾಣ
ಈ ಏಟು ಬಿತ್ತು. ಒಪ್ಪಿದೆ.

ಕಪ್ಪುಕೋಟು
ಆಸ್ತಿಯ ಮಾತು ಬಂದದ್ದರಿಂದ ಬಾಯಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಇಂಗ್ಲಿಷ್ ಕಾನೂನಿನಲ್ಲಿ 'ರಿವರ್ಷನ್' ಬಹಳ ಹಳೆಯ ಮಾತು. ನಾನು ನನ್ನ ಜಮೀನನ್ನು ಒಬ್ಬನಿಗೆ ಅವನ ಆಯುಷ್ಯ ಇರುವ ತನಕ ಅನುಭವಿಸಲು ಕೊಟ್ಟೆ ಅನ್ನಿ. ಅವನು ತೀರಿಕೊಂಡ ಮೇಲೆ ಅದು ನನಗೋ ನನ್ನ ವಾರಸುದಾರರಿಗೋ ತಿರುಗಿ ಬರುತ್ತದೆ. ಆ ಉಳಿದ ಹಕ್ಕೇ ರಿವರ್ಷನ್. 99 ವರ್ಷದ ಗುತ್ತಿಗೆಯಲ್ಲೂ ಅಷ್ಟೇ.

ಈ ಪದವನ್ನು ಬ್ರಿಟಿಷ್ ಜಡ್ಜುಗಳು ಇಲ್ಲಿಗೆ ತಂದು ಹಿಂದೂ ವಿಧವೆಯರ ತಲೆಗೆ ಕಟ್ಟಿದರು. ಹಳೆಯ ಕಾನೂನಿನ ಪ್ರಕಾರ, ಪಾಲಾಗಿ ಬೇರೆ ಇದ್ದ ಗಂಡ ಗಂಡುಮಕ್ಕಳಿಲ್ಲದೆ ತೀರಿಕೊಂಡರೆ ಆಸ್ತಿ ಹೆಂಡತಿಗೆ ಬರುತ್ತಿತ್ತು. ಆದರೆ ಪೂರ್ತಿ ಅವಳದಲ್ಲ. ಬದುಕಿರುವ ತನಕ ಉಣ್ಣಬಹುದು. ಮಾರಬೇಕಾದರೆ ಕೋರ್ಟು ಒಪ್ಪುವಂಥ ಅಗತ್ಯ ಇರಬೇಕು. ಗಂಡನ ಉತ್ತರಕ್ರಿಯೆ, ಅವನ ಸಾಲ, ಮಗಳ ಮದುವೆ, ಇಂಥವು. ಅವಳು ಸತ್ತ ಮೇಲೆ ಆಸ್ತಿ ಅವಳ ವಾರಸುದಾರರಿಗಲ್ಲ, ಗಂಡನ ಕಡೆಯ ವಾರಸುದಾರರಿಗೆ. ಆ ಕಾದು ಕೂತವರ ಹೆಸರು 'ರಿವರ್ಷನರ್'.

ನನ್ನ ಸೀನಿಯರ್ ಆಫೀಸಿನಲ್ಲಿ ಇಂಥದೊಂದು ಹಳೇ ಕಡತ ನೋಡಿದ್ದೆ. ಕೆಂಪು ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು, ಮುಟ್ಟಿದರೆ ಅಂಚು ಪುಡಿಯಾಗುತ್ತಿತ್ತು. ಒಬ್ಬ ಅಜ್ಜಿ ಮಗಳ ಮದುವೆಗೆ ಎರಡು ಎಕರೆ ಮಾರಿದ್ದಾರೆ. ಗಂಡನ ಅಣ್ಣನ ಮಗ ದಾವಾ ಹೂಡಿದ್ದಾನೆ. ಮದುವೆಗೆ ಅಷ್ಟು ಖರ್ಚಾಗಿಲ್ಲ, ಆದ್ದರಿಂದ ಮಾರಾಟ ನಡೆಯದು ಅಂತ. ಅಜ್ಜಿ ಕೋರ್ಟಿಗೆ ಮದುವೆಯ ಖರ್ಚಿನ ಪಟ್ಟಿ ಕೊಟ್ಟಿದ್ದಾರೆ. ಬೆಲ್ಲ ಎಷ್ಟು, ಅಕ್ಕಿ ಎಷ್ಟು, ಓಲಗದವರಿಗೆ ಎಷ್ಟು, ಬಳೆಗಾರನಿಗೆ ಎಷ್ಟು. ತನ್ನದೇ ಜಮೀನು ಮಾರಿದ್ದಕ್ಕೆ ಬೆಲ್ಲದ ಲೆಕ್ಕ ಕೊಡಬೇಕು. ಪಟ್ಟಿಯ ಕೆಳಗೆ ಹೆಬ್ಬೆಟ್ಟಿನ ಗುರುತು. ಆ ಹುಡುಗನ ಸಹಿ ಮಾತ್ರ ಮುತ್ತಿನಂತೆ ಇತ್ತು.

ತಮಾಷೆ ಏನೆಂದರೆ ಇಲ್ಲಿ ಆಸ್ತಿ ಯಾರಿಗೂ 'ತಿರುಗಿ' ಹೋಗುತ್ತಿರಲಿಲ್ಲ. ಅಣ್ಣನ ಮಗನದು ಅದು ಯಾವತ್ತೂ ಆಗಿರಲೇ ಇಲ್ಲ. ಅಜ್ಜಿ ಬದುಕಿರುವ ತನಕ ಅವನಿಗೆ ಇದ್ದದ್ದು ಬರೀ ಆಸೆ, ಹಕ್ಕಲ್ಲ. ಕೋರ್ಟುಗಳೇ ಹಾಗೆ ಹೇಳಿವೆ. ಆದರೂ ಹೆಸರು ಮಾತ್ರ ರಿವರ್ಷನರ್, ಎರವಲು ತಂದ ಅಂಗಿ ಹಾಕಿಸಿದ ಹಾಗೆ.

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆ ಬೇರೆ ಕಾಯ್ದೆ ತಂದಿತ್ತು. ದೇಶಕ್ಕೆಲ್ಲ ಬಾಗಿಲು ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಅದರ 14ನೇ ಕಲಂ. ಹೆಂಗಸಿನ ಕೈಯಲ್ಲಿರುವ ಆಸ್ತಿಗೆ ಅವಳೇ ಪೂರ್ತಿ ಒಡತಿ ಅಂತಾಯಿತು. ಅಜ್ಜಿಯ ಕೈಯಲ್ಲಿ ಉಳಿದಿದ್ದ ಮೂರು ಎಕರೆ ಅವತ್ತು ಅವರದೇ ಆಯಿತು. ಕಾಯುತ್ತಿದ್ದವನು ಕಾಯುತ್ತಲೇ ಉಳಿದ.

ಕಡ್ಲೆಬೀಜ
ಬೆಲ್ಲದ ಲೆಕ್ಕ ಓದಿ ಹೊಟ್ಟೆ ಉರಿಯಿತು. ಎರಡು ಎಕರೆ ದಾವಾ ಏನಾಯಿತು ಸಾರ್?

ಕಪ್ಪುಕೋಟು
ಮಾರಾಟ ಊರ್ಜಿತ ಆಯಿತು. ಮಗಳ ಮದುವೆ ಅಗತ್ಯವೇ ಅಂತ ಕೋರ್ಟು ಒಪ್ಪಿತು. ಅಷ್ಟು ಹೊತ್ತಿಗೆ ಆ ಮಗಳಿಗೆ ನಾಲ್ಕು ಮಕ್ಕಳಾಗಿದ್ದವು.

ಪಾಲಿಸಿ ಅಕ್ಕ
1956 ಅಂದ ಕೂಡಲೇ ಎದ್ದು ಕೂತೆ. ನಮ್ಮ ಎಲ್‌ಐಸಿ ಹುಟ್ಟಿದ್ದೂ ಅದೇ ವರ್ಷ ಸೆಪ್ಟೆಂಬರಿನಲ್ಲಿ. ಒಂದು ಕಡೆ ಕಾನೂನು ರಿವರ್ಷನರ್‌ನನ್ನು ಮನೆಯಿಂದ ಓಡಿಸಿತು. ಇನ್ನೊಂದು ಕಡೆ ಅವನ ತಮ್ಮ ಮನೆಮನೆಗೂ ಹೊಕ್ಕ. ನಿಮ್ಮ ಪಾಲಿಸಿ ಕಾಗದ ತೆಗೆದು ನೋಡಿ, 'ಸಿಂಪಲ್ ರಿವರ್ಷನರಿ ಬೋನಸ್' ಅಂತ ಇರುತ್ತದೆ.

ಏಜೆಂಟ್ ಆಗಿ ನನಗೆ ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ, 'ಮೇಡಂ, ಈ ವರ್ಷದ ಬೋನಸ್ ಯಾವಾಗ ಅಕೌಂಟಿಗೆ ಬೀಳುತ್ತೆ?' ಬೀಳಲ್ಲ ಸ್ವಾಮಿ. ವಿಮೆ ಮೊತ್ತದ ಪ್ರತಿ ಸಾವಿರಕ್ಕೆ ಇಷ್ಟು ಅಂತ ವರ್ಷವರ್ಷ ಘೋಷಣೆ ಮಾಡಿ ಪಾಲಿಸಿಗೆ ಸೇರಿಸುತ್ತಾರೆ. ಕೈಗೆ ಸಿಗುವುದು ಅವಧಿ ಮುಗಿದಾಗ, ಇಲ್ಲವೇ… ಬಿಡಿ, ಬೆಳ್ಳಂಬೆಳಗ್ಗೆ ಆ ಮಾತು ಬೇಡ. ಈಗ ಹೆಸರಿಗೆ ಬರೆದು ಮುಂದೆ ಕೊಡೋದು ಅನ್ನುವುದಕ್ಕೇ ರಿವರ್ಷನರಿ ಅನ್ನುತ್ತಾರೆ. ನಾನು ಗಿರಾಕಿಗಳಿಗೆ ಹೇಳೋದು, 'ಮುಡಿಪು ಕಟ್ಟಿಟ್ಟ ಹಾಗೆ, ಗಂಟು ಈಗಲೇ ಬಿಚ್ಚೋ ಹಾಗಿಲ್ಲ.' ತಕ್ಷಣ ಅರ್ಥ ಆಗುತ್ತದೆ.

ಹಳೇ ಗುಮಾಸ್ತ
ಸರ್ಕಾರಿ ನೌಕರರಿಗೆ ರಿವರ್ಟ್ ಅಂದರೆ ಉತ್ತರವೂ ಅಲ್ಲ, ಬೋನಸ್ಸೂ ಅಲ್ಲ. ಎದೆ ಧಸಕ್ ಅನ್ನುವ ಮಾತು.

ಎರಡು ಥರ ಇದೆ. ನಿಯೋಜನೆಯ ಮೇಲೆ ಬೇರೆ ಕಡೆ ಹೋದವನನ್ನು ವಾಪಸ್ ಕಳಿಸಿದರೆ 'ಮಾತೃ ಇಲಾಖೆಗೆ ಹಿಂದಿರುಗಿಸಿದೆ' ಅಂತ ಆದೇಶ. ಇದು ತವರಿಗೆ ಕಳಿಸಿದ ಹಾಗೆ, ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಇನ್ನೊಂದು ಮೇಲಿನ ಹುದ್ದೆಯಿಂದ ಕೆಳಗಿನ ಹುದ್ದೆಗೆ. ಅದಕ್ಕೆ ಕನ್ನಡದಲ್ಲಿ ಹಿಂಬಡ್ತಿ.

2017ರ ಫೆಬ್ರವರಿಯ ತನಕ ಈ ಪದ ಕಚೇರಿಯ ಗೋಡೆಯೊಳಗೇ ಇತ್ತು. ಮೀಸಲಾತಿಯಲ್ಲಿ ಬಡ್ತಿ ಪಡೆದವರ ಜ್ಯೇಷ್ಠತೆ (ಸೀನಿಯಾರಿಟಿ) ಬಗ್ಗೆ ರಾಜ್ಯ 2002ರಲ್ಲಿ ಮಾಡಿದ್ದ ಕಾಯ್ದೆಯ ಮುಖ್ಯ ಭಾಗವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ ದಿನಪತ್ರಿಕೆಯ ಮುಖಪುಟಕ್ಕೇ ಬಂತು. ಪಟ್ಟಿಗಳು ತಿರುಗಾಮುರುಗಾ ಆದವು. ಮೇಲೆ ಹೋದವರು ಕೆಳಗೆ, ಕೆಳಗಿದ್ದವರು ಮೇಲೆ. ಆಮೇಲೆ ಹೊಸ ಕಾಯ್ದೆ ಬಂತು. 2019ರ ಮೇ ತಿಂಗಳಲ್ಲಿ ಅದನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಯಾರ ಪರ ಯಾರ ವಿರುದ್ಧ ಅನ್ನೋ ಜಗಳ ಇಲ್ಲಿ ಬೇಡ. ಟೀ ಅಂಗಡಿಯಲ್ಲಿ ಕೂಡ 'ನಿಮಗೆ ಹಿಂಬಡ್ತಿ ಆಯ್ತಾ?' ಅಂತ ಕೇಳುತ್ತಿದ್ದರು ಅನ್ನೋದಷ್ಟೇ ನನ್ನ ಮಾತು.

ಪದವನ್ನು ಬಿಡಿಸಿ ನೋಡಿ. 'ಬಡ್ತಿ' ಬಂದದ್ದು ಹಿಂದೂಸ್ತಾನಿಯ 'ಬಢ್‌ತೀ'ಯಿಂದ, ಬೆಳೆಯುವುದು, ಮೇಲೇರುವುದು. ಅದಕ್ಕೆ 'ಹಿಂ' ಸೇರಿಸಿದ್ದೇವೆ. ಹಿಂದಕ್ಕೆ ಮೇಲೇರುವುದು!

ತಿರುಗುಬಾಣ
ಗುಮಾಸ್ತರೇ, ಇದಕ್ಕೆ ಇಂಗ್ಲಿಷಿನಲ್ಲೊಂದು ಜೋಡಿ ಇದೆ. 'ಪ್ರಿಪಾಸ್ಟರಸ್'. 'ಪ್ರೆ' ಮುಂದೆ, 'ಪೋಸ್ಟ್' ಹಿಂದೆ. ಹಿಂದಿನದು ಮುಂದೆ ಬಂದದ್ದು ಅಂತ ಮೂಲ ಅರ್ಥ. ಹಿಂದುಮುಂದಾದದ್ದು ಅಸಂಬದ್ಧ ಅನ್ನುವಲ್ಲಿಂದ ಈಗಿನ ಅರ್ಥ ಬಂತು.

ಕಡ್ಲೆಬೀಜ
ಹಾಗಾದರೆ 'ಪೋಸ್ಟ್‌ಪೋನ್'ಗೆ ಉಲ್ಟಾ ಇರುವ 'ಪ್ರೀಪೋನ್'?

ಕೆಂಪುಪೆನ್ನು
ಅದನ್ನು ಎಳೆದು ತರಬೇಡಿ, ರಾತ್ರಿ ಆಗುತ್ತದೆ. ಆದರೆ ಅಚ್ಚರಿಯೆಂದರೆ ಆ ಪದಕ್ಕೆ ನಾನು ಈಗ ಗೆರೆ ಎಳೆಯುವುದಿಲ್ಲ. ಅದರಿಂದ ಯಾರಿಗೂ ಗೊಂದಲ ಆಗಲ್ಲ.

ಕುಂಡದ ಗಿಡ
ಗಿಡದವರು ಒಬ್ಬರೂ ಇಲ್ವಾ? ನಮ್ಮಲ್ಲಿ ರಿವರ್ಟ್ ಅಂದರೆ ಪಕ್ಕಾ ಅರ್ಥ ಇದೆ. ನರ್ಸರಿಯಿಂದ ಬಿಳಿ ಮಚ್ಚೆ ಇರುವ ಮನಿಪ್ಲಾಂಟ್ ತಂದಿದ್ದೆ. ಎಲೆಗೆ ಸುಣ್ಣ ಎರಚಿದ ಹಾಗೆ ಎಷ್ಟು ಚೆಂದ ಇತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಬಳ್ಳಿ ಪೂರ್ತಿ ಹಸಿರು. ಕೇಳಿದರೆ 'ರಿವರ್ಟ್ ಆಗಿದೆ, ಕತ್ತರಿಸಿ' ಅಂದರು. ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ, ಅಡುಗೆ ನಡೆಯುವುದಿಲ್ಲ. ಹಸಿರು ಬಳ್ಳಿಗೆ ಊಟ ಜಾಸ್ತಿ, ಬೇಗ ಬೆಳೆದು ಉಳಿದವನ್ನು ಮುಚ್ಚಿಬಿಡುತ್ತದೆ. ಮೊದಲ ಹಸಿರು ಕುಡಿ ಕಂಡಾಗಲೇ ಬುಡಕ್ಕೆ ಕತ್ತರಿ ಹಾಕಬೇಕು. ನಾನು ಪಾಪ ಅಂತ ಬಿಟ್ಟೆ. ಈಗ ಇಡೀ ಕುಂಡ ಹಸಿರು.

ಡಾರ್ವಿನ್ ಕೂಡ 1859ರ ಪುಸ್ತಕದಲ್ಲಿ ಇದೇ ಪದ ಬಳಸಿದ್ದಾನೆ, ಪಾರಿವಾಳಗಳ ಬಗ್ಗೆ. ಬೇರೆ ಬೇರೆ ಬಣ್ಣದ ಸಾಕು ತಳಿಗಳನ್ನು ಕೂಡಿಸಿದರೆ ಕೆಲವೊಮ್ಮೆ ಬೂದುನೀಲಿ ಮೈ, ರೆಕ್ಕೆಗೆ ಎರಡು ಕಪ್ಪು ಪಟ್ಟೆ ಇರುವ ಮರಿ ಹುಟ್ಟುತ್ತಿತ್ತು, ಬಂಡೆಯ ಮೇಲಿನ ಕಾಡು ಪಾರಿವಾಳದ ಹಾಗೇ. ಎಲ್ಲ ತಳಿಗಳಿಗೂ ಅದೇ ಮೂಲ ಅನ್ನೋದಕ್ಕೆ ಅವನು ಕೊಟ್ಟ ಸಾಕ್ಷಿಗಳಲ್ಲಿ ಇದೂ ಒಂದು. ನಮ್ಮ ಮನೆಯಲ್ಲಿ ಮೊಮ್ಮಗನಿಗೆ ಮುತ್ತಜ್ಜನ ಕಿವಿ ಬಂದಿದೆ, ಅದಕ್ಕೆ ಯಾರೂ ಪುಸ್ತಕ ಬರೆದಿಲ್ಲ.

ಸಿಂಗಪುರದ ಸೊಸೆ
ಇಲ್ಲಿ ಇನ್ನೊಂದು ಬಳಕೆಯೂ ಕೇಳಿದ್ದೇನೆ. ಇಸ್ಲಾಂಗೆ ಸೇರಿದವರಲ್ಲಿ ಕೆಲವರು ತಮ್ಮನ್ನು 'ಕನ್ವರ್ಟ್' ಅನ್ನುವುದಿಲ್ಲ, 'ರಿವರ್ಟ್' ಅನ್ನುತ್ತಾರೆ. ಪ್ರತಿ ಮಗುವೂ ಹುಟ್ಟುವಾಗ ದೇವರ ಕಡೆಗೇ ಇರುತ್ತದೆ, ಆದ್ದರಿಂದ ಇದು ಸೇರುವುದಲ್ಲ, ಮರಳುವುದು ಅಂತ ಅವರ ನಂಬಿಕೆ. ನನ್ನ ಪಕ್ಕದ ಮನೆಯವರು ಹೇಳಿದ್ದು.

ತಿರುಗುಬಾಣ
ಈಗ ನನ್ನ ಇಷ್ಟದ ಭಾಗ. ತಡೆಯಬೇಡಿ.

ಲ್ಯಾಟಿನ್ನಿನ 'ವರ್ಟೆರೆ', ಸಂಸ್ಕೃತದ 'ವೃತ್' ಧಾತು, ಎರಡೂ ಒಂದೇ ತಾಯಿಬೇರಿನವು. ಹೀಗಾಗಿ ಕನ್ನಡಕ್ಕೆ ಬಂದ ಸಂಸ್ಕೃತ ಪದಗಳಲ್ಲಿ 'ರಿವರ್ಟ್'ನ ನೆಂಟರು ತುಂಬಿ ತುಳುಕುತ್ತಿದ್ದಾರೆ. 'ವರ್ಷನ್' ಅನ್ನುವುದಕ್ಕೆ ನಾವು ಬಳಸುವುದು ಆವೃತ್ತಿ. ಎರಡೂ ಅದೇ ಬೇರು! ಅನುವಾದ ಮಾಡಿದವರಿಗೆ ಗೊತ್ತಿತ್ತೋ ಇಲ್ಲವೋ, ತಂಗಿಯನ್ನು ಅಕ್ಕನ ಜಾಗದಲ್ಲಿ ಕೂರಿಸಿದ್ದಾರೆ. ಪರಿವರ್ತನೆ, ಆವರ್ತ, ವರ್ತುಲ, ಚಕ್ರವರ್ತಿ ಎಲ್ಲ ಅದೇ ಮನೆ. ದೀಪದ ಬತ್ತಿ ಕೂಡ. 'ವರ್ತಿ' ಅಂದರೆ ಹೊಸೆದದ್ದು, ಸುರುಳಿ ಮಾಡಿದ್ದು, ಅದೇ ನಮ್ಮ ಬಾಯಲ್ಲಿ ಬತ್ತಿ ಆಯಿತು. ಸಂಜೆ ಅಮ್ಮ ಹತ್ತಿಯನ್ನು ಅಂಗೈಯಲ್ಲಿ ತಿರುವುತ್ತಾಳಲ್ಲ, ಆ ತಿರುವು.

ಇನ್ನೂ ಇದೆ. 'ವರ್ಸ್', ಅಂದರೆ ಪದ್ಯ. ಲ್ಯಾಟಿನ್ನಿನಲ್ಲಿ 'ವರ್ಸುಸ್' ಅಂದರೆ ನೇಗಿಲ ಸಾಲು. ಎತ್ತು ಹೊಲದ ಅಂಚಿಗೆ ಹೋಗಿ ತಿರುಗುತ್ತದೆ, ಇನ್ನೊಂದು ಸಾಲು ಶುರು. ಹಾಗೇ ಬರಹದ ಸಾಲು. ತಿರುಗದೆ ನೆಟ್ಟಗೆ ಹೋಗುವುದು 'ಪ್ರೋಸ್', ಗದ್ಯ. ಈಗ ಕನ್ನಡ ನೋಡಿ. ಪಂಪ ರನ್ನರು ಬರೆದ ಚಂಪಕಮಾಲೆ, ಉತ್ಪಲಮಾಲೆಗಳಿಗೆ ಏನನ್ನುತ್ತೇವೆ? ವೃತ್ತ. ಮತ್ತೆ ಅದೇ ಬೇರು. ಅದಕ್ಕಿಂತ ಚೆಂದದ್ದು ನಮ್ಮ ಅಚ್ಚ ಕನ್ನಡದ 'ಸಾಲು'. ಉತ್ತದ್ದೂ ಸಾಲು, ಬರೆದದ್ದೂ ಸಾಲು. ಇದಕ್ಕೂ ಲ್ಯಾಟಿನ್ನಿಗೂ ನೆಂಟಸ್ತಿಕೆ ಇಲ್ಲ. ಎರಡೂ ಊರಿನ ರೈತರಿಗೆ ಕಂಡದ್ದು ಒಂದೇ.

ನಿಜವಾಗಿ ಎತ್ತಿನ ಹಾಗೇ ಬರೆದದ್ದೂ ಉಂಟು. ಹಳೆಯ ಗ್ರೀಕ್ ಶಾಸನಗಳಲ್ಲಿ ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ದೂರ ಹೋಗಬೇಕಿಲ್ಲ. ನಮ್ಮ ಬಳ್ಳಾರಿ ಆಚೆ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಅಶೋಕನ ಕಿರುಶಾಸನ ಇದೆ. ಅದರ ಕೆಲವು ಬ್ರಾಹ್ಮಿ ಸಾಲುಗಳು ಹೀಗೇ ಹಿಂದಕ್ಕೆ ತಿರುಗಿವೆ.

ಹಳೇ ಗುಮಾಸ್ತ
ನಿವೃತ್ತಿ?

ತಿರುಗುಬಾಣ
ಅದೂ ಅದೇ ಸಾರ್. 'ನಿ' ಸೇರಿಸಿದ 'ವೃತ್'. ಹಿಂದಕ್ಕೆ ತಿರುಗುವುದು, ನಿಲ್ಲಿಸುವುದು.

ಹಳೇ ಗುಮಾಸ್ತ
ಹಾಗಾದರೆ ನಾನು ಅಧಿಕೃತವಾಗಿ ರಿವರ್ಟ್ ಆದವನು. ಪಿಂಚಣಿ ಸಮೇತ.

ರಾತ್ರಿಪಾಳಿ
ಇಷ್ಟೆಲ್ಲ ಓದಿದೆ. ಮಸಾಲೆಪುರಿಗೆ ಬೇಕಾದ ಮಾತು ಮಾತ್ರ ಯಾರೂ ಹೇಳಿಲ್ಲ. ಗುರು, ನಿನ್ನ ಕೋಡ್ ಎಲ್ಲೂ ಹೋಗಿಲ್ಲ.

ಗಿಟ್‌ನಲ್ಲಿ (ಕೋಡಿನ ಪ್ರತಿ ತಿದ್ದುಪಡಿಯನ್ನೂ ದಾಖಲಿಸಿಡುವ ಸಾಫ್ಟ್‌ವೇರ್ ಅದು) ರಿವರ್ಟ್ ಅಂದರೆ ಅಳಿಸುವುದಲ್ಲ. ನೀನು ಮಾಡಿದ್ದಕ್ಕೆ ಸರಿಯಾಗಿ ಉಲ್ಟಾ ಇರುವ ಇನ್ನೊಂದು ಕಮಿಟ್, ಅಂದರೆ ದಾಖಲಾದ ತಿದ್ದುಪಡಿ, ಅದರ ಮೇಲೆ ಬರುತ್ತದೆ. ನೀನು ಹತ್ತು ಸಾಲು ಸೇರಿಸಿದ್ದರೆ ಅದು ಹತ್ತು ಸಾಲು ತೆಗೆಯುತ್ತದೆ. ಎರಡೂ ಚರಿತ್ರೆಯಲ್ಲಿ ಹಾಗೇ ಇರುತ್ತವೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಜಮೆಯನ್ನು ರಬ್ಬರಿನಿಂದ ಉಜ್ಜದೆ, ಕೆಳಗೆ ಖರ್ಚು ಹಾಕಿ ಸರಿದೂಗಿಸುವ ಹಾಗೆ. 'ರಿಸೆಟ್' ಮಾಡಿ, ಅಂದರೆ ಚರಿತ್ರೆಯನ್ನೇ ಹಿಂದಕ್ಕೆ ಸರಿಸಿ, ಬಲವಂತವಾಗಿ ಸರ್ವರಿಗೆ ತಳ್ಳಿದ್ದರೆ ಅಳಬೇಕಿತ್ತು. ಲಾಗ್, ಅಂದರೆ ಕಮಿಟ್‌ಗಳ ಪಟ್ಟಿ, ತೆಗೆದು ಅವನ ಕಮಿಟ್ ಹುಡುಕು. ಅದನ್ನೇ ರಿವರ್ಟ್ ಮಾಡು. ಮುಗೀತು.

ಡಿಪೋ ಪಕ್ಕದ ಮನೆ
ರಿವರ್ಟನ್ನು ರಿವರ್ಟ್ ಮಾಡೋದು! ಬರ್ಲಿ, ಬರ್ಲಿ.

ಮಸಾಲೆಪುರಿ
ಎಲ್ಲರಿಗೂ ಥ್ಯಾಂಕ್ಸ್. ಲಾಗ್ ನೋಡಿದೆ, ರಾತ್ರಿಪಾಳಿ ಹೇಳಿದ ಹಾಗೇ ಇತ್ತು. ನಾನೇ ಮಾಡಬಹುದಿತ್ತು, ಆದರೆ ಅವನಿಗೆ ಒಂದು ಮೇಲ್ ಹಾಕೋಣ ಅನ್ನಿಸಿತು. ಈ ಸಲ ಮೂರು ಸಲ ಓದಿ ಕಳಿಸಿದೆ. 'ಶುಕ್ರವಾರ ನಾನು ಬರೆದದ್ದಕ್ಕೆ ನಮ್ಮ ಕಡೆ ಉತ್ತರ ಕೊಡು ಅಂತ ಅರ್ಥ, ದಯವಿಟ್ಟು ಆ ಬದಲಾವಣೆಗಳನ್ನು ವಾಪಸ್ ಹಾಕು' ಅಂತ. ಕೆಂಪುಪೆನ್ನು ಮೇಡಂ, 'ರಿಪ್ಲೈ' ಅಂತಲೇ ಬರೆದೆ.

ಅರ್ಧ ಗಂಟೆಗೆ ಕೋಡ್ ಜಾಗಕ್ಕೆ ಬಂತು. ಜೊತೆಗೆ ಅವನದೊಂದು ಮೇಲ್. ಕಳೆದ ತಿಂಗಳು ನಾನು ಒಂದು ಪಟ್ಟಿ ಕಳಿಸಿ 'ಪ್ಲೀಸ್ ರಿವರ್ಟ್ ಅಟ್ ದಿ ಅರ್ಲಿಯಸ್ಟ್' ಅಂತ ಬರೆದಿದ್ದೆನಂತೆ. ಆ ಪಟ್ಟಿಯಲ್ಲಿದ್ದ ಸೆಟ್ಟಿಂಗುಗಳನ್ನೂ ಅವತ್ತೇ ಹಳೆಯದಕ್ಕೆ ತಿರುಗಿಸಿದ್ದಾನಂತೆ. ಅದೂ ತಪ್ಪಾ ಅಂತ ಕೇಳಿದ್ದಾನೆ. ಈಗ ಕೂತು ಅದನ್ನು ಹುಡುಕುತ್ತಿದ್ದೇನೆ.